ಅತ್ತೆಯ ಗಾಡಿ ಎಡಕ್ಕೆ ಎಳೆಯುತ್ತಿತ್ತು

ಮೊನ್ನೆ ಆದೋನಿಯ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ ಬರುವುದಿತ್ತು. ಗೂಡ್ಸು ಎಂದ ಮೇಲೆ ನಿಮಗೆ ಗೊತ್ತಲ್ಲ, ಅದು ತನಗೆ ಮನಸ್ಸು ಬಂದಾಗ ಬರುತ್ತದೆ, ಮನಸ್ಸು ತುಂಬಿದಾಗ ಹೋಗುತ್ತದೆ. ನಾನು ಇಂಜಿನ್ ಆರಿಸಿ, ಕಿಟಕಿ ಇಳಿಸಿ, ಎದುರಿನ ಗುಡ್ಡದ ಬಂಡೆಗಳನ್ನು ನೋಡುತ್ತ ಕೂತೆ. ಆಗ ಆ ವಾಸನೆ ಬಂತು. ಖಾಲಿ ಬಾಣಲೆಯನ್ನು ಒಲೆಯ ಮೇಲೆ ಮರೆತಾಗ ಬರುತ್ತದಲ್ಲ, ಅಂಥದ್ದು. ಜೊತೆಗೆ ಸ್ವಲ್ಪ ಕೂದಲು ಸುಟ್ಟ ಹಾಗೆ.

ನಾನು ಇಳಿದುಹೋಗಿ ಮುಂದಿನ ಕಾರಿನ ಎಡಗಡೆಯ ಚಕ್ರದ ಹತ್ತಿರ ಬಗ್ಗಿ ಮೂಸಿದೆ. ತಲೆ ನರೆತ ಮೇಷ್ಟ್ರೊಬ್ಬ ನಡುರಸ್ತೆಯಲ್ಲಿ ಬೇರೆಯವರ ಚಕ್ರ ಮೂಸುತ್ತಿದ್ದರೆ ಯಾರಿಗಾದರೂ ದಿಗಿಲಾಗಬೇಕಾದ್ದೇ. ಕಾರಿನವನು ತಲೆ ಹೊರಗೆ ಹಾಕಿ, "ಏಂ ಸಾರ್, ಏಮೈನಾ ಪಡಿಂದಾ?" ಎಂದ. ಏನೂ ಬಿದ್ದಿಲ್ಲ ಎಂದೆ. "ನಿಮ್ಮ ಗಾಡಿ ಎಡಕ್ಕ ಎಳೀತೈತೇನ್ರಿ?" ಎಂದು ಕೇಳಿದೆ. ಅವನು ಕಣ್ಣು ಅಗಲಿಸಿ ನನ್ನನ್ನೇ ನೋಡಿದ. "ಹೌದ್ರಿ, ಕೊಂಚೆಂ ಎಳೀತೈತಿ. ಮೀಕೆಲಾ ತೆಲುಸು?" ನನಗೆ ಹೇಗೆ ಗೊತ್ತಾಯಿತು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ರೈಲು ಬಂದು, ಹೋಗಿ, ಗೇಟು ಎದ್ದು, ಹಿಂದಿನವರೆಲ್ಲ ಹಾರ್ನು ಒತ್ತತೊಡಗಿದರು. "ಬ್ರೇಕು ತೋರಸ್ರಿ" ಎಂದಷ್ಟೇ ಕೂಗಿದೆ. ಕೇಳಿಸಿತೋ ಇಲ್ಲವೋ. ಅವನಿಗೆ ಹೇಳಲಾಗದೆ ಉಳಿದದ್ದನ್ನು ನಿಮಗಾದರೂ ಹೇಳುತ್ತೇನೆ. ನಿಮ್ಮ ಹಿಂದೆ ಯಾರೂ ಹಾರ್ನು ಒತ್ತುತ್ತಿಲ್ಲವಷ್ಟೆ.

ನಮ್ಮ ಅಪ್ಪನ ತಂಗಿ ಹಂಪಮ್ಮತ್ತೆಯನ್ನು ಪೆದ್ದಕಡುಬೂರಿಗೆ ಕೊಟ್ಟಿತ್ತು. ಮಾವ ಬೀರಪ್ಪ. ಕುರಿ ಸಾಕುವ ಮನೆತನ. ಈಗಲೂ ಅವರ ಹಟ್ಟಿಯಲ್ಲಿ ಕುರಿಗಳಿವೆ. ಮಾವನಿಗೆ ನಡುವಯಸ್ಸಿನಲ್ಲಿ ಕಾರಿನ ಹುಚ್ಚು ಹತ್ತಿತು. ಯಾರೋ ಓಡಿಸಿ ಬಿಟ್ಟಿದ್ದ ಹಳೆಯ ಬಿಳಿಯ ಕಾರೊಂದನ್ನು ಮನೆಗೆ ತಂದ. ನಮ್ಮ ಕಡೆ ಕಾರಿಗೂ ಗಾಡಿಯೇ, ಎತ್ತಿನ ಬಂಡಿಗೂ ಗಾಡಿಯೇ, ಸೈಕಲ್ ಮೋಟರಿಗೂ ಗಾಡಿಯೇ. ಯಾವ ಗಾಡಿ ಎನ್ನುವುದು ಹೇಳುವವನ ಎದೆ ಎಷ್ಟು ಉಬ್ಬಿದೆ ಎಂಬುದರಿಂದ ತಿಳಿಯಬೇಕು. ಮಾವನ ಎದೆ ಬಹಳ ಉಬ್ಬಿತ್ತು. ಬಿಳಿ ಬಣ್ಣ ಅಲ್ಲಲ್ಲಿ ಹಳದಿಗೆ ತಿರುಗಿದ್ದ ಆ ಕಾರಿಗೆ ಮುಂದುಗಡೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಒಳಗೆ ಕಂಬಳಿ ಹಾಸಿ, ಮಾವ ಅದನ್ನು ಊರಿನ ಎಲ್ಲರ ಗಾಡಿಯಾಗಿ ಮಾಡಿಬಿಟ್ಟ. ಯಾರಿಗೆ ಜ್ವರ ಬಂದರೂ, ಯಾರನ್ನು ಸ್ಟೇಷನ್ನಿಗೆ ಬಿಡಬೇಕಾದರೂ ಮಾವನ ಮನೆಯ ಮುಂದೆ ಬಂದು ಒಂದು ಕೂಗು ಹಾಕಿದರೆ ಸಾಕಿತ್ತು.

ಹೀಗಿರುವಾಗ ಒಂದು ಟಗರು ಮಾವನ ಬಲಗಾಲಿನ ಮಂಡಿಗೆ ಗುದ್ದಿತು. ನಗಬೇಡಿ, ನಾನೂ ಸುದ್ದಿ ಕೇಳಿದಾಗ ನಕ್ಕು, ಆಮೇಲೆ ಹೋಗಿ ನೋಡಿದಾಗ ನಾಚಿಕೊಂಡೆ. ಮೂಳೆ ಕೂಡಿತಾದರೂ ಮಂಡಿ ಮಡಚುವುದು ನಿಂತುಹೋಯಿತು. ಕೋಲು ಬಂತು, ಬಾಗಿಲ ಮುಂದೆ ಹೊರಸು ಬಂತು. "ಅದರ ತಪ್ಪೇನಿಲ್ಲೋ. ಹೋತದ ಮೇಲೆ ಸಿಟ್ಟಿಗೆದ್ದು ಬರ್ತಿತ್ತು, ನಾನು ನಡುವ ನಿಂತಿದ್ದೆ" ಎಂದು ಮಾವ ಟಗರಿನ ಪರವಾಗಿ ವಾದಿಸುತ್ತಿದ್ದ. ಬ್ರೇಕು ಒತ್ತಲಾಗದ ಕಾಲಿನಿಂದ ಕಾರು ಓಡಿಸುವುದು ಹೇಗೆ? ಗಾಡಿ ಬೇವಿನ ಮರದ ಕೆಳಗೆ ನಿಂತಿತು. ಒಂದು ಬೇಸಿಗೆ ಪೂರ್ತಿ, ಆಮೇಲೆ ಮಳೆಗಾಲವೂ ಕಳೆಯಿತು. ಕೋಳಿಗಳು ಅದರ ಅಡಿಯಲ್ಲಿ ಸಂಸಾರ ಹೂಡಿದವು.

ಮಾರಿಬಿಡೋಣ ಎಂದು ಮಾವ ಹೇಳಿದ ದಿನ ಅತ್ತೆ ರೊಟ್ಟಿ ಬಡಿಯುತ್ತಿದ್ದಳಂತೆ. ಬಡಿಯುವುದನ್ನು ನಿಲ್ಲಿಸದೆ, "ನನಗ ಕಲಿಸು" ಎಂದಳಂತೆ.

"ಏನು ಕಲಿಸಲಿ?"

"ಗಾಡಿ."

ಆಗ ಅತ್ತೆಗೆ ಮೊಮ್ಮಕ್ಕಳಾಗಿದ್ದರು. ಮಾವ ನಕ್ಕದ್ದು ಓಣಿಯ ತುದಿಗೂ ಕೇಳಿಸಿತು ಎಂದು ಅತ್ತೆಯೇ ಹೇಳುತ್ತಿದ್ದಳು. ಆದರೆ ಅವನದು ಕುರಿ ಕಾಯ್ದ ಮನಸ್ಸು. ಹಟ ಮಾಡುವ ಜೀವದ ಜೊತೆ ಎಳೆದಾಡಿ ಉಪಯೋಗವಿಲ್ಲ ಎಂದು ಅದಕ್ಕೆ ಗೊತ್ತು. ಹತ್ತಿ ಬಿಡಿಸಿ, ಗಿಡಗಳನ್ನೂ ಕಿತ್ತು, ಬಯಲಾಗಿದ್ದ ಹೊಲಕ್ಕೆ ಗಾಡಿಯನ್ನು ತಳ್ಳಿಸಿದ. ಬದುವಿನ ಮೇಲೆ ಹೊರಸು ಹಾಕಿಸಿದ. ಅದರ ಮೇಲೆ ಕಾಲು ಚಾಚಿ ಕೂತು ಪಾಠ ಶುರು ಮಾಡಿದ. ನಾನು ರಜೆಯಲ್ಲಿ ಹೋಗಿದ್ದಾಗ ಅದನ್ನು ಕಣ್ಣಾರೆ ನೋಡಿದ್ದೇನೆ. ಮಾವ ಕುರಿಗೆ ಹಾಕುವ ಸಿಳ್ಳೆಯನ್ನೇ ಹಾಕುತ್ತಿದ್ದ: ಉದ್ದ ಸಿಳ್ಳೆ ಬಿಟ್ಟರೆ ನಿಲ್ಲಿಸು, ತುಂಡು ಸಿಳ್ಳೆಯಾದರೆ ಗೇರು ಬದಲಿಸು. ಗಾಡಿ ಗಕ್ಕನೆ ಕುಪ್ಪಳಿಸಿ ನಿಂತಾಗೆಲ್ಲ, "ಏ ಹಂಪೀ, ಕ್ಲಚ್ಚು ಹಂಗ ಬಿಡಬ್ಯಾಡ! ಕುರಿಮರಿ ನೆಲಕ್ಕ ಇಳಿಸಿದಂಗ ಬಿಡು!" ಎಂದು ಕೂಗುತ್ತಿದ್ದ. ಅತ್ತೆಗೆ ಅದು ಚೆನ್ನಾಗಿ ಅರ್ಥವಾಯಿತು. ಎಷ್ಟು ಮರಿಗಳನ್ನು ಅವಳು ಎತ್ತಿ ಇಳಿಸಿಲ್ಲ! ಅವತ್ತಿನಿಂದ ಗಾಡಿ ಕುಪ್ಪಳಿಸಲಿಲ್ಲ. ನನಗೆ ಕಾರು ಕಲಿಸಿದವನು ಕ್ಲಚ್ಚಿನ ಬಗ್ಗೆ ಬಹಳ ಮಾತಾಡಿದ್ದ, ಆದರೆ ಮರಿಯ ವಿಷಯ ಹೇಳಿರಲಿಲ್ಲ. ನಾನು ಇವತ್ತಿಗೂ ಸಿಗ್ನಲ್ಲಿನಲ್ಲಿ ಒಮ್ಮೊಮ್ಮೆ ಕುಪ್ಪಳಿಸುತ್ತೇನೆ.

ಆ ಪಾಠದಲ್ಲಿ ಒಂದು ಮಾತು ಬಂದುಹೋಯಿತು. ಅವತ್ತು ಅದರ ತೂಕ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಅತ್ತೆ ಒಂದು ಸುತ್ತು ಹಾಕಿಬಂದು ಕಿಟಕಿಯಿಂದಲೇ, "ಇದು ಎಡಕ್ಕ ಎಳೀತೈತ್ಯಲ್ಲ!" ಎಂದಳು. ಮಾವ ಹೊರಸಿನ ಮೇಲಿಂದ, "ಹೊಸದಾಗಿ ಕಲಿಯೋರಿಗೆ ಹಂಗ ಅನಸ್ತೈತಿ. ಗಟ್ಟಿ ಹಿಡಿ" ಎಂದ. ಅತ್ತೆ ಗಟ್ಟಿ ಹಿಡಿದಳು. ಮುಂದೆ ಎಂದೂ ಆ ಮಾತೆತ್ತಲಿಲ್ಲ.

ಹಂಪಮ್ಮತ್ತೆಗೆ ಲೈಸೆನ್ಸು ಸಿಕ್ಕಿತು. ಆದೋನಿಯಲ್ಲಿ ಪರೀಕ್ಷೆ ಕೊಡುವ ದಿನ ತನ್ನ ಗಾಡಿಯನ್ನೇ ಒಯ್ದು, ಹಸಿರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲಿನ ಎಂಟರ ಗೆರೆಯನ್ನು ತುಳಿಯದೆ ಸುತ್ತಿ ಬಂದಳು. ಊರಿನಲ್ಲಿ ಮೊದಮೊದಲು ನಕ್ಕವರು ಆಮೇಲೆ ಮನೆಯ ಮುಂದೆ ಬಂದು ಕೂಗು ಹಾಕತೊಡಗಿದರು. ಮುಖ್ಯವಾಗಿ ಹೆಂಗಸರು. ಬಸುರಿಯರು, ಬಾಣಂತಿಯರು, ಮಕ್ಕಳಿಗೆ ಸೂಜಿ ಹಾಕಿಸಬೇಕಾದವರು. ಗಂಡಸರ ಎದುರು ಹೇಳಲಾಗದ ನೋವುಗಳನ್ನು ಆ ಗಾಡಿಯಲ್ಲಿ ಹೇಳಿಕೊಳ್ಳಬಹುದಿತ್ತು. ಸುಗ್ಗಿ ಮುಗಿಸಿ ಕೂಲಿಗೆ ಹೊರಟವರನ್ನು ಕೋಸಗಿ ಸ್ಟೇಷನ್ನಿಗೂ ಬಿಟ್ಟು ಬರುತ್ತಿದ್ದಳು. ರೈಲು ಹೊರಡುವವರೆಗೆ ನಿಂತು, ಅವರು ಬಿಟ್ಟುಹೋಗುವ ಆಡು ಕೋಳಿಗಳ ಜವಾಬ್ದಾರಿಯನ್ನೂ ಹೊತ್ತುಕೊಂಡು ಮರಳುತ್ತಿದ್ದಳು.

ಹೀಗೇ ಕೆಲವು ವರ್ಷ ನಡೆಯಿತು. ಈ ನಡುವೆ ಅತ್ತೆಗೆ ಬಲಭುಜದ ನೋವು ಶುರುವಾಯಿತು. ವಯಸ್ಸಾಯಿತು ಎಂದಳು. ಮಾವ ಎಣ್ಣೆ ಕಾಯಿಸಿ ತಿಕ್ಕಿದ. ಎಮ್ಮಿಗನೂರಿನಲ್ಲಿ ಒಬ್ಬರಿಗೆ ತೋರಿಸಿದರು, ಆದೋನಿಯಲ್ಲಿ ಇನ್ನೊಬ್ಬರಿಗೆ. ಮಾತ್ರೆ ನುಂಗಿದಾಗ ಕಡಿಮೆಯಾಗುವುದು, ಮತ್ತೆ ಬರುವುದು. ತಲೆ ಬಾಚಿಕೊಳ್ಳಲು ಮೊಮ್ಮಗಳನ್ನು ಕರೆಯುವಂತಾಯಿತು. "ರೊಟ್ಟಿ ಬಡಿದು ಬಡಿದು ಹಿಂಗಾಗೈತಿ" ಎಂದು ಓಣಿಯವರು ತೀರ್ಮಾನಿಸಿದರು. ನಾನೂ ಹೌದೆಂದೆ. ಅತ್ತೆಯ ರೊಟ್ಟಿಗಳನ್ನು ಅತಿ ಹೆಚ್ಚು ತಿಂದವನು ನಾನೇ ಆದ್ದರಿಂದ ನನಗೆ ಒಳಗೊಳಗೇ ಸಂಕಟವಾಯಿತು.

ನಾನು ಮೊದಲ ಸಲ ಆ ಗಾಡಿ ಓಡಿಸಿದ್ದು ಗೋನೆಗಂಡ್ಲದ ಒಂದು ಮದುವೆಗೆ ಹೋಗುವಾಗ. ಭುಜ ನೋಯುತ್ತಿದೆ, ನೀನೇ ಹಿಡಿ ಎಂದು ಅತ್ತೆ ಬೀಗದ ಕೈ ಕೊಟ್ಟಳು. ನಾನು ಮೇಷ್ಟ್ರ ಗತ್ತಿನಲ್ಲಿ ಕೂತು, ಕನ್ನಡಿ ಸರಿಮಾಡಿಕೊಂಡು, ಊರು ದಾಟಿ ವೇಗ ಹೆಚ್ಚಿಸಿದೆನೋ ಇಲ್ಲವೋ, ಗಾಡಿ ಜಾಲಿಕಂಟಿಯ ಕಡೆಗೆ ನಡೆಯಿತು. ಗಾಬರಿಯಿಂದ ಎಳೆದುಕೊಂಡೆ. ಬ್ರೇಕು ತುಳಿದೆ. ತುಳಿದು ಬಿಟ್ಟ ಮೇಲೆ ಎಳೆತ ಇನ್ನೂ ಜೋರಾಯಿತು, ಯಾರೋ ಎಡಗಡೆಯ ಚಕ್ರಕ್ಕೆ ಹಗ್ಗ ಕಟ್ಟಿ ಜಗ್ಗುವ ಹಾಗೆ. ಸ್ವಲ್ಪ ದೂರದಲ್ಲೇ ನಾನು ಎರಡೂ ಕೈಯಿಂದ ಬಲಕ್ಕೆ ಜಗ್ಗತೊಡಗಿದೆ.

"ಅತ್ತೀ, ಇದು ಎಳೀತೈತಿ!"

"ಹೂಂ ಮತ್ತ. ಗಾಡಿ ಅಂದ್ರ ಎಳೀತಾವಲ್ಲ, ಅಳಿಯಾ. ಗಟ್ಟಿ ಹಿಡಿ."

"ಇಲ್ಲ ಅತ್ತೀ. ಎಲ್ಲಾ ಗಾಡಿ ಎಳಿಯಂಗಿಲ್ಲ. ನನ್ನ ಗಾಡಿ ಸುಮ್ನ ನೆಟ್ಟಗ ಹೋಗ್ತೈತಿ."

ಅತ್ತೆ ನನ್ನನ್ನು ನೋಡಿದ ರೀತಿ ನೆನಪಿದೆ. ಗಾಡಿ ಓಡಿಸಲು ಬಾರದವನು ನೆಪ ಹೇಳುತ್ತಿದ್ದಾನೆ ಎಂದು ಕರುಣೆಯಿಂದ ನೋಡಿದಳು. ದಾರಿಯಲ್ಲೇ ಸ್ಟೀರಿಂಗನ್ನು ವಾಪಸು ತೆಗೆದುಕೊಂಡಳು. ನೋಯುವ ಭುಜದಿಂದಲೇ ಗೋನೆಗಂಡ್ಲ ಮುಟ್ಟಿಸಿದಳು. ಅವಳು ಬೇರೆ ಯಾವ ಗಾಡಿಯನ್ನೂ ಮುಟ್ಟಿದವಳಲ್ಲ. ಅವಳು ಕಂಡ ಒಂದೇ ಸ್ಟೀರಿಂಗು ಅದು. ಎಲ್ಲ ಗಾಡಿಗಳೂ ಹೀಗೇ, ಎಲ್ಲ ಡ್ರೈವರುಗಳೂ ದಿನವಿಡೀ ಹೀಗೇ ಜಗ್ಗಿ ಹಿಡಿದುಕೊಂಡೇ ಓಡಿಸುತ್ತಾರೆ, ಬಸ್ಸಿನವರೂ ಲಾರಿಯವರೂ ಕೂಡ, ಎಂದೇ ತಿಳಿದಿದ್ದಳು. ಇದು ನನಗೆ ಹೊಳೆದದ್ದು ಮದುವೆಯೂಟದ ಎಲೆಯ ಮುಂದೆ. ಬಡಿಸುವವರು ಎರಡನೆಯ ಸಲ ಬಂದು ನಿಂತದ್ದೂ ನನಗೆ ಗೊತ್ತಾಗಲಿಲ್ಲ.

ರಿಪೇರಿಗೆ ಹೊರಟೆವು. ಮೊದಲು ನನ್ನದೇ ಸಿದ್ಧಾಂತವಿತ್ತು: ನಮ್ಮ ರಸ್ತೆಗಳು ನೀರು ಹರಿಯಲೆಂದು ಅಂಚಿಗೆ ಇಳಿಜಾರಾಗಿವೆ, ನಾವು ಎಡಗಡೆ ಓಡಿಸುತ್ತೇವೆ, ಆದ್ದರಿಂದ ಗಾಡಿ ಎಡಕ್ಕೆ ಜಾರುತ್ತದೆ. ಕಪ್ಪುಹಲಗೆಯ ಮೇಲೆ ಬರೆದರೆ ಬಹಳ ಚೆನ್ನಾಗಿ ಕಾಣುವ ವಿವರಣೆ. ಬಲಗಡೆಯ ಅಂಚಿನಲ್ಲಿ ಓಡಿಸಿ ನೋಡಿದಾಗಲೂ ಅದು ಎಡಕ್ಕೇ ಎಳೆದು ನನ್ನ ವಿಜ್ಞಾನವನ್ನು ಮಣ್ಣುಪಾಲು ಮಾಡಿತು. ಗಾಳಿ ಸರಿಮಾಡಿಸಿದೆವು. ಎಡದ ಟೈರು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಸಿದೆವು. ಅಲೈನ್‌ಮೆಂಟಿನ ಅಂಗಡಿಯಲ್ಲಿ ಗಾಡಿಯನ್ನು ಮೇಲೇರಿಸಿ, ಕಂಪ್ಯೂಟರಿನಲ್ಲಿ ಗೆರೆಗಳನ್ನು ತೋರಿಸಿ, "ಬಾಣದಂಗ ಐತ್ರಿ" ಎಂದರು. ನಿಂತ ಗಾಡಿ ಬಾಣದಂತೆಯೇ ಇತ್ತು. ಓಡಿದರೆ ತಾನೇ ತಕರಾರು. ದೃಷ್ಟಿಯಾಗಿದೆ ಎಂದು ಒಬ್ಬರು ಹೇಳಿದ್ದಕ್ಕೆ ಮಾವ ಹಳೆಯ ನಿಂಬೆಹಣ್ಣು ತೆಗೆದು ಹೊಸದು ಕಟ್ಟಿದ.

ಕೊನೆಗೆ ಮಸ್ತಾನ್ ಮೇಸ್ತ್ರಿಯ ಹತ್ತಿರ ಹೋದೆವು. ಆದೋನಿಯಲ್ಲಿ ಹತ್ತಿ ಮಿಲ್ಲುಗಳ ಕಡೆಗೆ ಹೋಗುವ ದಾರಿಯಲ್ಲಿ ಅವನ ಶೆಡ್ಡು. ದೊಡ್ಡ ಬಾಯಿಯ, ದೊಡ್ಡ ಹೊಟ್ಟೆಯ ಆಸಾಮಿ. ಆಂಧ್ರದಲ್ಲೂ ಕರ್ನಾಟಕದಲ್ಲೂ ತನಗೆ ಸಮನಾದವನಿಲ್ಲ ಎಂದು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಹೇಳಿಕೊಳ್ಳುತ್ತಿದ್ದ. ಎಡದ ಬ್ರೇಕನ್ನು ಬಿಚ್ಚಿ, ತಿಕ್ಕಿ ತೊಳೆದು, ಸವೆದ ಪ್ಯಾಡು ಬದಲಿಸಿ, "ಬಸ್! ಖತಂ! ಇನ್ನ ಎಳೆದ್ರ ನನ್ನ ಹೆಸರು ಬದಲಿ ಮಾಡ್ಕೊಂತೀನಿ" ಎಂದ. ಒಂದಷ್ಟು ದಿನ ಗಾಡಿ ಸುಮ್ಮನಿತ್ತು. ಆಮೇಲೆ ಮತ್ತೆ ಶುರುವಾಯಿತು. ಆದರೆ ಅತ್ತೆ ಹೇಳಲಿಲ್ಲ. ಅಷ್ಟೊಂದು ಖುಷಿಯಿಂದ ಮಾಡಿಕೊಟ್ಟ ಮನುಷ್ಯನಿಗೆ ಯಾಕೆ ಬೇಜಾರು ಮಾಡುವುದು ಎಂದು ಸುಮ್ಮನಾದಳು.

ಈಗ ನಾನು ಹೇಳಬೇಕೆಂದುಕೊಂಡ ಬೆಳಗಿಗೆ ಬರುತ್ತೇನೆ.

ಹಿಂದಿನ ದಿನವೆಲ್ಲ ಮಳೆ ಹೊಯ್ದಿತ್ತು. ನಾನು ಪೆದ್ದಕಡುಬೂರಿನಲ್ಲೇ ಉಳಿದುಕೊಂಡಿದ್ದೆ. ಬೆಳಗ್ಗೆ ಚಹಾ ಕುಡಿಯುತ್ತಿರುವಾಗ ಪಕ್ಕದ ಓಣಿಯ ಲಕ್ಷ್ಮಿಯ ಅತ್ತೆ ಓಡಿಬಂದಳು. ತೆಲುಗಿನ ಮನೆ ಅವರದು. "ಹಂಪಮ್ಮಕ್ಕಾ, ನೊಪ್ಪುಲು ಎಕ್ಕುವ ಅಯ್ನಾಯಿ!" ಎಂದಳು. ಸೊಸೆಗೆ ನೋವು ಹೆಚ್ಚಾಗಿತ್ತು. ಚೊಚ್ಚಲ ಬಸಿರು. ಆಂಬುಲೆನ್ಸು ಇನ್ನೊಂದು ಊರಿಗೆ ಹೋಗಿದೆಯಂತೆ. ಹಂಪಮ್ಮತ್ತೆ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟು ಎದ್ದಳು. ಲಕ್ಷ್ಮಿಯನ್ನು ಹಿಂದೆ ಮಲಗಿಸಿ, ತಲೆಯನ್ನು ಅವಳ ಅತ್ತೆಯ ತೊಡೆಯ ಮೇಲಿಟ್ಟು ಹೊರಟೆವು. ನಾನು ಮುಂದೆ ಎಡಗಡೆ ಕೂತೆ.

ಕರಿಮಣ್ಣಿನ ಸೀಮೆಯಲ್ಲಿ ಮಳೆ ಬಿದ್ದ ರಸ್ತೆ ಹೇಗಿರುತ್ತದೆಂದು ನಿಮಗೆ ಗೊತ್ತಿರಬಹುದು. ಹೊಲದಿಂದ ಬಂದ ಟ್ರಾಕ್ಟರುಗಳು ಮಣ್ಣನ್ನು ಡಾಂಬರಿನ ಮೇಲೆ ಬೆಣ್ಣೆಯಂತೆ ಬಳಿದಿರುತ್ತವೆ. ಅತ್ತೆ ಓಡಿಸುತ್ತಿದ್ದಳು. ಗುಂಡಿಗಳಲ್ಲಿ ಬ್ರೇಕು ಒತ್ತಬೇಕು. ಪ್ರತಿಸಲ ಒತ್ತಿದಾಗಲೂ ಎಳೆತ ಹೆಚ್ಚುತ್ತಿತ್ತು. ಅವಳ ಬಲಗೈಯ ನರಗಳು ಉಬ್ಬಿ ನಿಂತಿದ್ದವು. ಹಿಂದೆ ಲಕ್ಷ್ಮಿ ಹಲ್ಲು ಕಚ್ಚಿ ನರಳುತ್ತಿದ್ದಳು. ಆಗಲೇ ನನಗೆ ಆ ಸುಟ್ಟ ವಾಸನೆ ಬಂದದ್ದು.

ಮುಂದೆ ಹಳ್ಳ. ಹಳ್ಳಕ್ಕೆ ಹಳೆಯ ಕಾಲದ ಕಿರುಸೇತುವೆ, ಎಡಗಡೆಯ ಗೋಡೆ ಎಂದೋ ಬಿದ್ದುಹೋಗಿತ್ತು. ನೀರು ರಾಡಿಯಾಗಿ, ಸೇತುವೆಗೆ ಒಂದು ಮೊಳ ಕೆಳಗೆ, ಸದ್ದು ಮಾಡುತ್ತ ಹೋಗುತ್ತಿತ್ತು. ನಾವು ಸೇತುವೆಯ ನಡುವೆ ಇರುವಾಗ ಆ ಕಡೆಯ ಇಳಿಜಾರಿನಿಂದ ಹತ್ತಿ ಹೇರಿದ ಟ್ರಾಕ್ಟರು ಬಂತು. ಟ್ರಾಲಿಯ ಎರಡೂ ಬದಿ ಹತ್ತಿ ಹೊಟ್ಟೆಯಂತೆ ಉಬ್ಬಿತ್ತು. ಅದಕ್ಕೆ ನಿಲ್ಲಲಾಗಲಿಲ್ಲ, ಕೆಸರಿನಲ್ಲಿ ಜಾರುತ್ತ ಸೇತುವೆಯ ಮೇಲೆ ಬಂದೇಬಿಟ್ಟಿತು. ಅತ್ತೆ ಬ್ರೇಕು ತುಳಿದಳು. ಗಾಡಿ ಎಡಕ್ಕೆ ತಿರುಗಿತು. ನನ್ನ ಕಿಟಕಿಯ ಕೆಳಗೆ ನನಗೆ ರಸ್ತೆ ಕಾಣಲಿಲ್ಲ, ನೀರು ಕಂಡಿತು.

ನಾನು ಸ್ಟೀರಿಂಗಿಗೆ ಕೈ ಹಾಕಿದೆ.

"ಕೈ ತಗಿ" ಎಂದಳು ಅತ್ತೆ. ಕೂಗಲಿಲ್ಲ. ಒಲೆಯ ಮುಂದೆ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ನಾನು ತೆಗೆದೆ.

ಬ್ರೇಕಿನಿಂದ ಕಾಲು ತೆಗೆದು, ಇಡೀ ಮೈಯನ್ನು ಬಲಕ್ಕೆ ವಾಲಿಸಿ, ಎರಡೂ ಕೈಗಳಿಂದ ಸ್ಟೀರಿಂಗನ್ನು ಕೆಳಕ್ಕೆ ಎಳೆದು ಹಿಡಿದಳು. ಹಟಮಾರಿ ಟಗರನ್ನು ಕೊಂಬು ಹಿಡಿದು ಬಗ್ಗಿಸುವುದನ್ನು ನೋಡಿದ್ದೀರಾ? ಹಾಗೆ. ಗಾಡಿ ಒಂದು ಗಳಿಗೆ ಯೋಚಿಸಿತು. ಆಮೇಲೆ ಅಂಚಿನ ಕಲ್ಲುಗಳ ಮೇಲೆ ಎಡದ ಚಕ್ರವನ್ನು ಉಜ್ಜುತ್ತ ಮುಂದಕ್ಕೆ ಹೋಯಿತು. ಟ್ರಾಲಿಯ ಹತ್ತಿ ಬಲಗಡೆಯ ಕಿಟಕಿಗೆ ಮೆತ್ತಗೆ ಸವರಿ, ಒಳಗೆಲ್ಲ ಬಿಳಿಯ ಎಳೆಗಳನ್ನು ಉದುರಿಸಿ ದಾಟಿತು. ಅತ್ತೆ ಉಸಿರು ಬಿಟ್ಟದ್ದು ಕೇಳಿಸಿತು. "ಲಕ್ಷ್ಮೀ, ಇನ್ನ ಸ್ವಲ್ಪ ದೂರವ್ವಾ" ಎಂದಳು.

ಆದೋನಿಯ ಆಸ್ಪತ್ರೆಯ ಮುಂದೆ ನಿಂತಾಗ ಎಡದ ಚಕ್ರದಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಲಕ್ಷ್ಮಿಯನ್ನು ಒಳಗೆ ಒಯ್ದರು. ಅತ್ತೆ ಕಟ್ಟೆಯ ಮೇಲೆ ಕೂತಳು. ಅವಳ ಕೂದಲಲ್ಲಿ ಹತ್ತಿಯ ಎಳೆಗಳಿದ್ದವು. ಬಿಸಿಲು ಏರುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಲಕ್ಷ್ಮಿಯ ಅತ್ತೆ ಅಳುತ್ತ ನಗುತ್ತ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದು, "ಮೊದಲು ನೀನ ತಗೋ ಅಕ್ಕಾ" ಎಂದು ಹಂಪಮ್ಮತ್ತೆಯ ಮುಂದೆ ಚಾಚಿದಳು.

ಅತ್ತೆಯ ಬಲಗೈ ಮೇಲೇಳಲಿಲ್ಲ. ಅವಳು ಎತ್ತಲು ನೋಡಿದಳು, ಆಗಲಿಲ್ಲ. ತನ್ನ ಕೈಯನ್ನು ತಾನೇ ಬೇರೆ ಯಾರದೋ ಎಂಬಂತೆ ಒಂದು ಸಲ ನೋಡಿಕೊಂಡು, ನಕ್ಕು, ಎಡಗೈಯನ್ನು ಮಡಚಿ ಅದರೊಳಗೆ ಮಗುವನ್ನು ಇಳಿಸಿಕೊಂಡಳು. ಬಹಳ ಹೊತ್ತು ಅದರ ಮುಖ ನೋಡುತ್ತ ಕೂತಳು. ನಾನು ಅಲ್ಲಿಂದ ಎದ್ದುಹೋದೆ. ಇಷ್ಟು ವರ್ಷ ಎಷ್ಟು ಜೀವಗಳನ್ನು ಆ ತೋಳು ದಡ ಮುಟ್ಟಿಸಿದೆ, ಪ್ರತಿ ಹರದಾರಿಯನ್ನೂ ಗೆದ್ದುಕೊಂಡು ಹೋಗಿದೆ, ಅದೂ ಗೆಲ್ಲುತ್ತಿದ್ದೇನೆಂದು ತಿಳಿಯದೆಯೇ ಎಂಬುದು ನನ್ನ ತಲೆಯಲ್ಲಿ ಹಿಡಿಸಲಿಲ್ಲ. ನಮ್ಮ ಮನೆಯಲ್ಲೇ ಹುಟ್ಟಿದ ಒಬ್ಬ ಹೆಂಗಸನ್ನು ನೆನೆದು ಮೊದಲ ಬಾರಿಗೆ ನನಗೆ ಬೆಟ್ಟದ ಬುಡದಲ್ಲಿ ನಿಂತ ಹಾಗೆ ಅನ್ನಿಸಿತು.

ಮಸ್ತಾನ್ ಮೇಸ್ತ್ರಿಯನ್ನು ಆಸ್ಪತ್ರೆಗೇ ಕರೆತಂದೆ. ಬರುವಾಗ ದಾರಿಯುದ್ದಕ್ಕೂ, ಯಾರೋ ಬೇರೆಯವರು ಕೈ ಹಾಕಿ ಕೆಡಿಸಿರಬೇಕು ಎಂದು ವಾದಿಸಿದ. ಚಕ್ರ ನೋಡಿದ ಮೇಲೆ ಬಾಯಿ ಮುಚ್ಚಿದ. ಅತ್ತೆಯ ಹತ್ತಿರ ಹೋಗಿ, "ಅಮ್ಮಾ, ಇದು ಮತ್ತ ಎಳೀತೈತಿ ಅಂತ ಯಾಕ ಹೇಳಲಿಲ್ರಿ?" ಎಂದ. "ನಿಮ್ಮ ಹೆಸರು ಬದಲಿ ಮಾಡಬೇಕಾಗ್ತಿತ್ತಲ್ಲ" ಎಂದಳು ಅತ್ತೆ.

ಚಕ್ರ ಆರಿದ ಮೇಲೆ ಅವನೇ ಗಾಡಿ ಓಡಿಸಿ ಅತ್ತೆಯನ್ನೂ ನನ್ನನ್ನೂ ಶೆಡ್ಡಿಗೆ ಕರೆದೊಯ್ದ, ಅಲ್ಲಿ ಎಡದ ಚಕ್ರವನ್ನು ಜಾಕಿನ ಮೇಲೆ ಎತ್ತಿದ. ಕೈಯಿಂದ ತಿರುಗಿಸಿದ, ತಿರುಗಿತು. ನನ್ನನ್ನು ಒಳಗೆ ಕೂರಿಸಿ ಬ್ರೇಕು ಒತ್ತಿ ಬಿಡಲು ಹೇಳಿದ. ಬಿಟ್ಟ ಮೇಲೂ ಚಕ್ರ ಹಿಡಿದುಕೊಂಡೇ ಇತ್ತು. ಬಲಗಡೆ ಹೀಗೇ ಮಾಡಿದರೆ ಬಿಟ್ಟ ತಕ್ಷಣ ಹಗುರವಾಗಿ ತಿರುಗುತ್ತಿತ್ತು. ತಿಕ್ಕಿದ್ದೂ ತೊಳೆದದ್ದೂ ಅವನೇ, ಆ ಭಾಗದಲ್ಲಿ ನೋಡಲು ಏನೂ ಉಳಿದಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಚಕ್ರದ ಹಿಂದಿನ ಸಣ್ಣ ರಬ್ಬರಿನ ಪೈಪನ್ನು ಬೆರಳಿನಿಂದ ಸವರಿದ. ಬ್ರೇಕಿನ ಎಣ್ಣೆ ಅದರ ಮೂಲಕ ಚಕ್ರಕ್ಕೆ ಹೋಗುತ್ತದೆ, ಕಾಲು ತೆಗೆದಾಗ ಅದರ ಮೂಲಕವೇ ವಾಪಸು ಬರುತ್ತದೆ. ಹೊರಗಿನಿಂದ ಪೈಪಿಗೆ ಏನೂ ಆಗಿರಲಿಲ್ಲ. ಆದರೂ ಬಿಚ್ಚಿದ. ಬ್ಲೇಡಿನಿಂದ ಎರಡು ತುಂಡು ಮಾಡಿ, ಒಂದನ್ನು ಉದ್ದಕ್ಕೆ ಸೀಳಿದ.

"ಯಾ ಅಲ್ಲಾ" ಎಂದ.

ಒಳಗಿನ ರಬ್ಬರು ಊದಿಕೊಂಡು, ದಾರಿಯೇ ಇಲ್ಲದಂತೆ ಮುಚ್ಚಿಹೋಗಿತ್ತು. ಕಾಲಿನ ಒತ್ತಡಕ್ಕೆ ಎಣ್ಣೆ ಹೇಗೋ ತೂರಿಕೊಂಡು ಹೋಗುತ್ತಿತ್ತು, ಹಿಂದಿರುಗಿ ಬರಲು ಅದಕ್ಕೆ ದಾರಿ ಇರಲಿಲ್ಲ. ಒತ್ತಿದ ಪ್ರತಿಯೊಂದು ಬ್ರೇಕೂ ಎಡದ ಚಕ್ರದಲ್ಲಿ ಹಾಗೇ ಉಳಿದುಬಿಡುತ್ತಿತ್ತು. ಬೇವಿನ ಮರದ ಕೆಳಗೆ ನಿಂತ ತಿಂಗಳುಗಳಲ್ಲಿ ಕೆಟ್ಟಿರಬೇಕು ಎಂದ ಮಸ್ತಾನ್. "ಹೊರಗ ನೋಡಿದ್ರ ಹೊಸದರಂಗ ಐತಿ. ಅಂದರ್ ಫೂಲ್ ಗಯಾ, ಅಮ್ಮಾ. ಒಳಗ ಬಾತೈತಿ. ನಾ ನೋಡಲಿಲ್ಲ." ಅತ್ತೆ ಉಳಿದ ತುಂಡನ್ನು ಇಸಿದುಕೊಂಡು, ಒಂದು ಕಣ್ಣು ಮುಚ್ಚಿ, ಅದರ ಮೂಲಕ ಆಕಾಶದ ಕಡೆ ನೋಡಿದಳು. ಬೆಳಕು ಬರಲಿಲ್ಲ. "ಇಷ್ಟ ಸಣ್ಣದಾ?" ಎಂದಳು.

ಹೊಸ ಪೈಪು ಬಂತು. ಬಲಗಡೆಯದನ್ನೂ ಬದಲಿಸಿದ. ಅತ್ತೆ ಎರಡು ದಿನ ಕೈಗೆ ವಿಶ್ರಾಂತಿ ಕೊಟ್ಟು, ಆಮೇಲೆ ಗಾಡಿ ಒಯ್ಯಲು ಬಂದಳು. ಶೆಡ್ಡಿನಿಂದ ಹೊರಬಿದ್ದವಳೇ ನೇರವಾಗಿ ರಸ್ತೆಯ ಬಲಕ್ಕೆ ಹೋದಳು. ಎದುರಿನ ಆಟೋದವನು ಬೈದುಕೊಂಡು ಪಕ್ಕಕ್ಕೆ ಸರಿದ. ಮಸ್ತಾನ್ ಹಿಂದಿನಿಂದ ಓಡಿಬಂದು, "ಕೈ ಸಡಿಲ ಬಿಡ್ರಿ ಅಮ್ಮಾ! ಜಗ್ಗಬ್ಯಾಡ್ರಿ!" ಎಂದು ಕೂಗಿದ. ವರ್ಷಗಟ್ಟಲೆ ಬಲಕ್ಕೆ ಜಗ್ಗಿದ ಕೈ, ಎದುರಿಗೆ ಜಗ್ಗುವವರಿಲ್ಲದಿದ್ದಾಗಲೂ ಜಗ್ಗುತ್ತಿತ್ತು. ಊರು ದಾಟುವವರೆಗೂ ಗಾಡಿ ಹಾವಿನಂತೆ ಹೊರಳಿತು. ನಾನು ಸೀಟಿನ ಅಂಚು ಹಿಡಿದು ಕೂತಿದ್ದೆ.

ಎಮ್ಮಿಗನೂರಿನ ದಾರಿಯಲ್ಲಿ ಒಂದು ಕಡೆ ರಸ್ತೆ ಕಣ್ಣು ಹೋಗುವಷ್ಟು ದೂರ ನೆಟ್ಟಗಿದೆ. ಎರಡೂ ಬದಿ ಕರಿಮಣ್ಣಿನ ಹೊಲ, ಹತ್ತಿ ಒಡೆದು ಬೆಳ್ಳಗಾಗಿತ್ತು. ರಸ್ತೆಯಲ್ಲಿ ಯಾರೂ ಇರಲಿಲ್ಲ. "ಅತ್ತೀ, ಒಂದೀಟು ಕೈ ಬಿಟ್ಟು ನೋಡು" ಎಂದೆ. ಅವಳು ಒಪ್ಪಲಿಲ್ಲ. ಮತ್ತೆ ಹೇಳಿದೆ. ಮೊದಲು ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದಳು. ಆಮೇಲೆ ಎಡಗೈಯದು. ಅಂಗೈಗಳನ್ನು ಸ್ಟೀರಿಂಗಿನಿಂದ ಒಂದಿಷ್ಟೇ ದೂರ ಹಿಡಿದುಕೊಂಡಳು, ಉರಿಯುವ ದೀಪಕ್ಕೆ ಗಾಳಿಯಿಂದ ಮರೆ ಮಾಡುವವರ ಹಾಗೆ.

ಗಾಡಿ ನೆಟ್ಟಗೆ ಹೋಯಿತು.

ಹೋಗುತ್ತಲೇ ಇತ್ತು. ಅತ್ತೆ ರಸ್ತೆಯನ್ನು ನೋಡಲಿಲ್ಲ, ಸ್ಟೀರಿಂಗನ್ನೇ ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ ಬ್ರೇಕು ಒತ್ತಿ ಗಾಡಿಯನ್ನು ಬದಿಗೆ ನಿಲ್ಲಿಸಿದಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಅಳಿಯಾ, ಎಲ್ಲಾ ಗಾಡಿ ಹಿಂಗ ಹೋಗ್ತಾವಾ?"

"ಹೂಂ ಅತ್ತೀ."

"ಎಲ್ಲಾರಿಗೂ?"

"ಹೂಂ."

ಹೊಲದ ಮೇಲೆ ಗಾಳಿ ಬೀಸುತ್ತಿತ್ತು. ಅಳುತ್ತಾಳೇನೋ ಎಂದು ನನಗೆ ಭಯವಾಯಿತು, ಆದರೆ ಅವಳ ಮುಖದಲ್ಲಿ ಇದ್ದದ್ದು ಅಳುವಲ್ಲ. ಆಸ್ಪತ್ರೆಯ ಕಟ್ಟೆಯ ಮೇಲೆ ಮಗುವನ್ನು ನೋಡುತ್ತಿದ್ದಾಗ ಇದ್ದದ್ದೇ ಅದು. ಸ್ವಲ್ಪ ಹೊತ್ತಿನ ಮೇಲೆ, "ಇನ್ನೊಂದು ಸಲ ನೋಡ್ತೀನಿ" ಎಂದು ಗಾಡಿ ಹೊರಡಿಸಿದಳು. ಆ ನೆಟ್ಟನೆಯ ರಸ್ತೆಯ ಆ ತುದಿಯವರೆಗೆ ಹೋಗಿ, ತಿರುಗಿಸಿಕೊಂಡು ಈ ತುದಿಗೆ ಬಂದು, ಮತ್ತೆ ಹೋದಳು. ನಾನು ಬೇಡವೆನ್ನಲಿಲ್ಲ.

ಮನೆಗೆ ಬಂದು ಮಾವನಿಗೆ ಎಲ್ಲ ಹೇಳಿದೆ. ಅವನು ಹೊರಸಿನ ಮೇಲೆ ಕೂತು ಕೇಳಿಸಿಕೊಂಡ. ಅತ್ತೆ ಒಳಗೆ ಹೋದ ಮೇಲೆ, "ಆಕಿ ಮೊದಲನೇ ದಿನಾನ ಹೇಳಿದ್ಲೋ" ಎಂದ. "ಎಳೀತೈತಿ ಅಂದ್ಲು. ನಾನು ಗಟ್ಟಿ ಹಿಡಿ ಅಂದೆ." ಕೋಲಿನ ತುದಿಯಿಂದ ನೆಲವನ್ನು ಗೀರಿದ. ಅವತ್ತು ಸಂಜೆ ಅವನೇ ಎಣ್ಣೆ ಕಾಯಿಸಿ ತಂದು ಅವಳ ಭುಜ ತಿಕ್ಕಿದ. ಚಳಿಗಾಲ ಕಳೆಯುವ ಹೊತ್ತಿಗೆ ಆ ನೋವು ಹೋಯಿತು. ತಲೆ ತಾನೇ ಬಾಚಿಕೊಳ್ಳತೊಡಗಿದಳು.

ಇದೆಲ್ಲ ಆಗಿ ಕೆಲವು ವರ್ಷಗಳೇ ಆದವು. ರೈಲ್ವೆ ಗೇಟಿನಲ್ಲಿ ಆ ವಾಸನೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ, ಈ ಭಾನುವಾರ ಪೆದ್ದಕಡುಬೂರಿಗೆ ಹೋದೆ. ಅತ್ತೆ ಮನೆಯಲ್ಲಿರಲಿಲ್ಲ, ಹೊಲದಲ್ಲಿದ್ದಾಳೆ ಎಂದ ಮಾವ. ಅವನನ್ನು ನನ್ನ ಗಾಡಿಯಲ್ಲೇ ಕೂರಿಸಿಕೊಂಡು ಹೋದೆ. ಅಲ್ಲಿ ನೋಡಿದರೆ ಲಕ್ಷ್ಮಿ ಸ್ಟೀರಿಂಗಿನ ಮುಂದೆ, ಅತ್ತೆ ಪಕ್ಕದಲ್ಲಿ. ಓಣಿಯ ಇನ್ನಿಬ್ಬರು ಹೆಂಗಸರು ಸರದಿಗಾಗಿ ಬದುವಿನ ಮೇಲೆ ಕಾಯುತ್ತಿದ್ದರು. ನನ್ನನ್ನು ಕಂಡದ್ದೇ ಅತ್ತೆ ಇಳಿದುಬಂದು ಕೈ ಚಾಚಿದಳು.

"ಚೆಂದ ಬಂದಿ. ನಿನ್ನ ಗಾಡಿ ಬೀಗದ ಕೈ ಕೊಡು."

"ಯಾಕ ಅತ್ತೀ?"

"ಒಂದ ಗಾಡಿಯಾಗ ಕಲಿಸಬಾರದು. ಎರಡು ಓಡಿಸಿ ನೋಡ್ಲಿ. ಯಾವುದು ತನ್ನ ಕೈ, ಯಾವುದು ಗಾಡಿ ಅಂತ ಆಗ ಗೊತ್ತಾಗ್ತೈತಿ." ಆಮೇಲೆ ಲಕ್ಷ್ಮಿಯ ಕಡೆ ತಿರುಗಿ, "ಏನರ ಎಳೀತೈತಿ ಅನಿಸಿದ್ರ ಬಾಯಿ ಬಿಟ್ಟು ಹೇಳಬೇಕವ್ವಾ. ಒಂದ ಸಲ ಅಲ್ಲ, ಕೇಳೋ ತನಕ" ಎಂದಳು.

ಬೀಗದ ಕೈ ಕೊಟ್ಟೆ. ಲಕ್ಷ್ಮಿ ನನ್ನ ಗಾಡಿಗೆ ಹತ್ತಿದಳು. ಅತ್ತೆ ಈ ಸಲ ಪಕ್ಕದಲ್ಲಿ ಕೂರಲಿಲ್ಲ, ಬಾಗಿಲು ಹಾಕಿ ದೂರ ಸರಿದಳು. ಗಾಡಿ ಒಂದಿಷ್ಟೂ ಕುಪ್ಪಳಿಸದೆ ಹೊರಟಿತು. ಬಯಲಿನ ಮೇಲೆ ಅದರ ಹಿಂದೆ ಧೂಳು ಎದ್ದು, ಚಿಕ್ಕದಾಗುತ್ತ ಹೋಯಿತು. ನಾನು ಬದುವಿನ ಮೇಲೆ ಕೂತಿದ್ದವನು ನನಗೇ ತಿಳಿಯದಂತೆ ಎದ್ದು ನಿಂತಿದ್ದೆ. ಪಕ್ಕಕ್ಕೆ ನೋಡಿದರೆ ಮಾವನೂ ಎದ್ದಿದ್ದ, ಮಡಚದ ಕಾಲನ್ನು ಊರಿ, ಕೋಲಿಗೆ ಎರಡೂ ಕೈ ಕೊಟ್ಟು. ಗಾಡಿ ಹೊಲದ ಆಚೆ ತುದಿಗೆ ಹೋಗಿ, ತಿರುಗಿ, ನಮ್ಮ ಕಡೆಗೆ ಬಂದು ನಿಲ್ಲುವವರೆಗೂ ನಾವಿಬ್ಬರೂ ಕೂರಲಿಲ್ಲ.